ಹೊಗಳದೆ ಎರಡು ಪುಟ

ನಮ್ಮ ಗುಂಪಿನಲ್ಲಿ ಯಾರೂ ತಮ್ಮ ಗುರಿಯನ್ನು ತಾವೇ ಇಟ್ಟುಕೊಳ್ಳುವಂತಿರಲಿಲ್ಲ. ಹೊಸ ವರ್ಷದಲ್ಲಿ ಯಾರು ಏನು ಬರೆಯಬೇಕು ಅನ್ನುವುದನ್ನು ಪಕ್ಕದಲ್ಲಿ ಕೂತವಳು ಹೇಳಬೇಕು, ನಾವು ಒಪ್ಪಿಕೊಳ್ಳಬೇಕು. ತಾವೇ ಇಟ್ಟುಕೊಂಡರೆ ಎಲ್ಲರೂ ಸುಲಭದ್ದನ್ನೇ ಇಟ್ಟುಕೊಳ್ಳುತ್ತಾರೆ ಎಂದು ಈ ಕ್ರಮ ಮಾಡಿದವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಮನೆಯಲ್ಲಿ ಅತ್ತೆ ನಮ್ಮಿಬ್ಬರನ್ನು ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಅವಳು ಚಿಕ್ಕವಳು.

ಇದೆಲ್ಲ ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಚಿಕ್ಕವಳು ಹಾರನಹಳ್ಳಿಯಿಂದ ಮದುವೆಯಾಗಿ ಬಂದ ಎರಡನೆಯ ವರ್ಷಕ್ಕೇ ಬೀದಿಯ ಹೆಂಗಸರನ್ನು ಸೇರಿಸಿಕೊಂಡು ಒಂದು ಕೈಬರಹದ ಪತ್ರಿಕೆ ಶುರು ಮಾಡಿದಳು. ಯುಗಾದಿಗೊಂದು, ದೀಪಾವಳಿಗೊಂದು. ಅಚ್ಚಿಲ್ಲ, ನಕಲಿಲ್ಲ, ಇದ್ದದ್ದು ಒಂದೇ ಪ್ರತಿ. ಎಲ್ಲರೂ ಬರೆದು ಕೊಟ್ಟದ್ದನ್ನು ಅವಳೇ ದುಂಡಗಿನ ಅಕ್ಷರದಲ್ಲಿ ಬರೆಯುವಳು. ನನ್ನ ಕೆಲಸ ಹಾಳೆ ಜೋಡಿಸಿ ದಬ್ಬಳದಲ್ಲಿ ಹೊಲಿಯುವುದು, ಮೈದಾ ಅಂಟಿನಿಂದ ರಟ್ಟು ಅಂಟಿಸುವುದು. ಆ ಒಂದು ಪ್ರತಿ ನಮ್ಮ ಬೀದಿ ಮುಗಿಸಿ ಹಾರನಹಳ್ಳಿಯ ಅವಳ ತವರಿಗೆ ಹೋಗುತ್ತಿತ್ತು. ಅಲ್ಲಿಂದ ಬೇಲೂರಿನ ಒಬ್ಬ ನರ್ಸಮ್ಮನ ಮನೆ, ಅವರಿಂದ ಬಿಕ್ಕೋಡಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ, ಕೊನೆಗೆ ಹಳೇಬೀಡು, ಅಲ್ಲಿಂದ ವಾಪಸ್ಸು ನಮ್ಮ ಮನೆಗೆ. ಬಸ್ಸಿಗೆ ಹೋಗುವವರು ಯಾರಾದರೂ ಸಿಕ್ಕಿದರೆ ಅವರ ಕೈಚೀಲದಲ್ಲಿ ಹೋಗಬೇಕು. ಸಿಗದಿದ್ದರೆ ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ ಕೂತಿರುತ್ತಿತ್ತು.

ಕೊನೆಯಲ್ಲಿ ನಾಲ್ಕಾರು ಹಾಳೆ ಖಾಲಿ ಬಿಟ್ಟಿರುತ್ತಿದ್ದೆವು. ಓದಿದವರು ಅಭಿಪ್ರಾಯ ಬರೆಯಲಿ ಎಂದು. ಅದರಲ್ಲಿ ಯಾರೂ ಹೆಸರು ಹಾಕುತ್ತಿರಲಿಲ್ಲ. ಮನೆಯ ಗಂಡಸರು ಏನೆನ್ನುತ್ತಾರೋ ಎಂಬ ಅಂಜಿಕೆ. ಬೇಲೂರು, ಬಿಕ್ಕೋಡು, ಹಳೇಬೀಡು ಎಂದು ಊರಿನ ಹೆಸರನ್ನೇ ಸಹಿಯ ಜಾಗದಲ್ಲಿ ಹಾಕುತ್ತಿದ್ದರು. ಅವರಲ್ಲಿ ಹಳೇಬೀಡಿಗೂ ನಮ್ಮ ಚಿಕ್ಕವಳಿಗೂ ವರ್ಷಗಳಿಂದ ಜಗಳ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ಬರೇ ಜಗಳ. ದಿನವೆಲ್ಲ ಗುಡಿಯ ಗೋಡೆಯ ಮೇಲೆ ಕುಣಿಯುವವರನ್ನೇ ನೋಡಿಕೊಂಡು ಕೂತರೆ ಹಳೇಬೀಡಿನ ಹೆಂಗಸರು ಮನೆ ಕೆಲಸ ಯಾವಾಗ ಮಾಡುತ್ತಾರೋ ಎಂದು ಇವಳು ಒಮ್ಮೆ ಬರೆದಿದ್ದಳು. ರೈಲಿನ ಕೂಗಿಗೆ ಅರಸೀಕೆರೆಯವರ ಕಿವಿ ಹೋಗಿದೆ, ಅದಕ್ಕೇ ಅಷ್ಟು ಜೋರಾಗಿ ಬರೆಯುತ್ತಾರೆ ಎಂದು ಅಲ್ಲಿಂದ ಉತ್ತರ ಬಂತು. ಹಾಗೆ ಶುರುವಾದದ್ದು.

ಆ ಯುಗಾದಿಯ ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿದು ಗಂಡಸರು ಇಸ್ಪೀಟಿಗೆ ಹೋದ ಮೇಲೆ ನಾವು ನಡುಮನೆಯಲ್ಲಿ ಸೇರಿದೆವು. ರೈಲ್ವೆ ಗಾರ್ಡಿನ ಹೆಂಡತಿ, ನಾವೆಲ್ಲ ಗಾರ್ಡಮ್ಮ ಅನ್ನುತ್ತಿದ್ದವರು, ಯಾರ ಗುರಿ ಏನು ಎಂದು ಬರೆದುಕೊಳ್ಳುತ್ತಿದ್ದರು. ನಾನು ಹೊಲಿಯುವವಳಾದ್ದರಿಂದ ನನಗೆ ಯಾವತ್ತೂ ಗುರಿ ಇರಲಿಲ್ಲ. ಆವತ್ತು ಚಿಕ್ಕವಳು ನನ್ನ ಪಕ್ಕಕ್ಕೆ ಬಂದು ಕೂತಳು.

"ದೊಡ್ಡಕ್ಕನಿಗೆ ನಾನು ಹೇಳ್ತೀನಿ," ಅಂದಳು.

"ನನಗ್ಯಾಕೇ? ನಾನು ಓದಿರೋದು ಏಳನೇ ಕ್ಲಾಸು."

"ಏಳನೇ ಕ್ಲಾಸಿನವರಿಗೆ ಎರಡೇ ಪುಟ. ಬರ್ಕೊಳ್ಳಿ ಗಾರ್ಡಮ್ಮ. ಈ ಮನೆಯ ಯಾರಾದರೂ ಒಬ್ಬರ ಬಗ್ಗೆ, ಹೊಗಳದೆ, ಬೈಯದೆ, ಎರಡು ಪುಟ. ಮುಂದಿನ ಯುಗಾದಿಯೊಳಗೆ."

"ಬೈಯದೆ ಎರಡು ಪುಟ ಬರೆಯೋ ಅಂಥೋರು ಈ ಮನೇಲಿ ಯಾರಿದಾರೆ?" ಅಂದೆ.

ಎಲ್ಲರೂ ನಕ್ಕರು. ಅಡಿಗೆಮನೆಯಿಂದ ಅತ್ತೆಯ ಧ್ವನಿ ಬಂತು: "ಕೇಳಿಸ್ತಾ ಐತೆ ಕಣ್ರೇ ನಂಗೆ."

"ಬೈಯಬಾರದು ಸರಿ, ಹೊಗಳಿದ್ರೆ ಏನಂತೆ?" ಎಂದು ಗಾರ್ಡಮ್ಮ ಕೇಳಿದರು.

"ಹೊಗಳಿದ್ರೆ ಯಾರ ಬಗ್ಗೆ ಅಂತಲೇ ಗೊತ್ತಾಗಲ್ಲ ಗಾರ್ಡಮ್ಮ. ಎಲ್ಲರೂ ಒಂದೇ ಥರ ಕಾಣ್ತಾರೆ."

ಚಿಕ್ಕವಳ ಗುರಿಯನ್ನು ಹಳೇಬೀಡಿನವರು ಹಿಂದಿನ ಸಂಚಿಕೆಯ ಕೊನೆಯ ಹಾಳೆಯಲ್ಲೇ ಬರೆದು ಕಳಿಸಿದ್ದರು. ಕಾಣದವರ ಮೇಲೆ ಬರೆಯುವುದು ಸುಲಭ, ಧೈರ್ಯವಿದ್ದರೆ ಬಂದು ನನ್ನ ಮುಖ ನೋಡಿ ಆಮೇಲೆ ಬರೆಯಿರಿ ಎಂದು. ಅವಳು ಅದನ್ನು ಎಲ್ಲರಿಗೂ ಓದಿ ಹೇಳಿ, ಹೊಸ ಸಂಚಿಕೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು. ಈ ವರ್ಷ ಹಳೇಬೀಡಿಗೆ ಹೋಗುತ್ತೇನೆ, ನೋಡುತ್ತೇನೆ, ನೋಡಿದ್ದನ್ನು ಬರೆಯುತ್ತೇನೆ. ಅದರ ಕೆಳಗೆ ನನ್ನ ಗುರಿ. ನಾನು ಹೊಲಿದು ಕೊಟ್ಟೆ. ಪತ್ರಿಕೆ ಬಸ್ಸು ಹತ್ತಿತು.

ಮಳೆ ಹಿಡಿಯುವ ಮೊದಲು ಸಂಡಿಗೆ ಹಾಕಿಬಿಡಬೇಕೆಂದು ಒಂದು ಬೆಳಿಗ್ಗೆ ನಾವಿಬ್ಬರೂ ತಾರಸಿಯ ಮೇಲಿದ್ದೆವು. ಹಳೆಯ ಪಂಚೆಯ ಮೇಲೆ ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಅವಳು ಹಿಟ್ಟು ಬಿಡುತ್ತ ಬರುತ್ತಿದ್ದೆವು. ಅವಳು ಥಟ್ಟನೆ ತಿರುಗಿ ಹಿಂದೆ ನೋಡಿದಳು.

"ಯಾರು ಹೊಡೆದದ್ದು?" ಅಂದಳು.

ಹಿಂದೆ ಯಾರೂ ಇರಲಿಲ್ಲ. "ಯಾರು ಹೊಡೀತಾರೆ ಕಣೇ," ಅಂದೆ. ಕುತ್ತಿಗೆಯ ಹಿಂಭಾಗವನ್ನು ಹಿಡಿದುಕೊಂಡು ಕೂತಳು. ಕೂತಲ್ಲೇ ಒರಗಿದಳು. ಟ್ಯಾಕ್ಸಿಯಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ತಲೆಯೊಳಗೆ ನರ ಒಡೆದಿದೆ, ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿದರಂತೆ. ಸಂಜೆಗೆ ಅದೇ ಟ್ಯಾಕ್ಸಿಯಲ್ಲಿ ಮನೆಗೆ ತಂದರು.

ಯಾರೋ ತಾರಸಿಗೆ ಹೋಗಿ ಸಂಡಿಗೆಯ ಪಂಚೆಯನ್ನು ಮಡಿಸಿ ತಂದಿಟ್ಟಿದ್ದರು. ಆವತ್ತಿನ ಬಿಸಿಲಿಗೆ ಸಂಡಿಗೆ ಚೆನ್ನಾಗಿಯೇ ಒಣಗಿತ್ತು. ಅದನ್ನು ನೋಡಿ ನನಗೆ ಆದದ್ದು ದುಃಖವೆಂದು ಹೇಳಲಾರೆ. ಇದು ಹೇಗೆ ಒಣಗಿತು ಅಂತಲೇ ನೋಡುತ್ತಿದ್ದೆ.

ಮಠದ ಅಯ್ಯನವರು ಬಂದರು. ವಿಭೂತಿ ಹಚ್ಚಿ, ಕೂರಿಸಿ, ಹೂವು ಹಾಕಿ ಕರೆದುಕೊಂಡು ಹೋದರು. ಲಿಂಗದಲ್ಲಿ ಸೇರಿದವರಿಗೆ ಸೂತಕವಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಮಣ್ಣು ಮಾಡಿ ಬಂದು ಸ್ನಾನ ಮಾಡಿದರೆ ಮನೆ ಮತ್ತೆ ಮನೆ. ಒಲೆ ಹೊತ್ತಿತು, ಕೊಬ್ಬರಿ ಮಂಡಿಗೆ ಬುತ್ತಿ ಹೋಯಿತು. ನನ್ನ ಕೈ ಅಕ್ಕಿ ಅಳೆಯುವಾಗ ಅವಳ ಪಾಲನ್ನೂ ಸೇರಿಸಿ ಅಳೆಯುತ್ತಿತ್ತು. ಉಳಿದ ಅನ್ನವನ್ನು ಅತ್ತೆ ಮಾತಾಡದೆ ಎತ್ತಿಡುತ್ತಿದ್ದರು. ಮಾತಾಡಿಸಲು ಬಂದ ಒಬ್ಬರು ನನ್ನ ಭುಜ ಸವರಿ, "ಮಕ್ಕಳಾಗಿರಲಿಲ್ಲ, ಅದೊಂದು ಒಳ್ಳೇದಾಯ್ತು" ಅಂದರು. ನಾನು ಹೂಂ ಅಂದೆ. ಅವರು ಹೋಗಿ ಬಹಳ ಹೊತ್ತಾದ ಮೇಲೆ ಆ ಮಾತು ನನಗೆ ಅರ್ಥವಾಯಿತು.

ನೆಂಟರಿಗೆಲ್ಲ ತಂತಿ ಹೋಯಿತು, ಕಾಗದ ಹೋಯಿತು. ಮಂಡಿಯ ಕಡೆಯವರಿಗೆ ತಾನಾಗಿಯೇ ಗೊತ್ತಾಯಿತು. ಹಾರನಹಳ್ಳಿಯವರು ಬಂದು ಅತ್ತು ಹೋದರು. ಪತ್ರಿಕೆ ಆಗಲೇ ಅವರ ಊರು ದಾಟಿ ಬೇಲೂರಿಗೆ ಹೋಗಿತ್ತು. ಅದರ ನೆನಪು ಯಾರಿಗೂ ಬರಲಿಲ್ಲ. ಓದುವವರಿಗೆ ತಿಳಿಸಬೇಕು ಎಂದು ಹೊಳೆಯಲೇ ಇಲ್ಲ. ಅವರು ನಮ್ಮ ನೆಂಟರಲ್ಲವಲ್ಲ.

ಗೌರಿ ಗಣೇಶನ ಹಬ್ಬ ಕಳೆದು ಕೆಲವು ದಿನವಾಗಿತ್ತು. ಬೆಳಿಗ್ಗೆ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಮುಂದಿನ ಬಾಗಿಲಲ್ಲಿ ಯಾರೋ ಕೂಗಿದಂತಾಗಿ ಕೈ ತೊಳೆದುಕೊಂಡು ಬಂದೆ. ಜಗಲಿಯ ಮೇಲೆ ಐವತ್ತು ದಾಟಿದ ಒಬ್ಬ ಹೆಂಗಸು, ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಗಲೇ ಕೂತುಬಿಟ್ಟಿದ್ದರು.

"ಅರಸೀಕೆರೆಯವರಿಗೆ ಕಿವಿ ಕೇಳಲ್ಲ ಅಂತ ನಾನು ಬರೆದದ್ದು ಸುಳ್ಳಲ್ಲ ಬಿಡಿ. ಎಷ್ಟು ಹೊತ್ತಿಂದ ಕೂಗ್ತಿದೀನಿ!"

ನಾನು ಹೊಸಿಲಲ್ಲೇ ನಿಂತು ಅವರ ಮುಖ ನೋಡಿದೆ.

"ಗುರುತು ಸಿಗಲಿಲ್ವಾ? ಹೆಂಗೆ ಸಿಗುತ್ತೆ, ನೋಡಿದ್ರೆ ತಾನೇ. ನಾನು ಹಳೇಬೀಡು ಕಣ್ರೀ."

ಅವರು ಚೀಲದಿಂದ ಪತ್ರಿಕೆ ತೆಗೆದರು. ನಾನು ಹೊಲಿದ ದಾರ, ನಾನು ಅಂಟಿಸಿದ ರಟ್ಟು. ಮೊದಲ ಪುಟ ತೆಗೆದು ದಪ್ಪ ಅಕ್ಷರದ ಮೇಲೆ ಬೆರಳಿಟ್ಟರು.

"ಹೋಗ್ತೀನಿ, ನೋಡ್ತೀನಿ, ಬರೀತೀನಿ. ಆಹಾ! ಆಷಾಢದಲ್ಲಿ ಇದು ನನ್ನ ಕೈಗೆ ಬಂತು. ಆವತ್ತಿಂದ ಅರಸೀಕೆರೆ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಬರೋದು, ಇಣುಕೋದು. ನಮ್ಮ ಮನೆಯವರು, ಯಾರಿಗೆ ಕಾಯ್ತೀಯ, ಮಂತ್ರಿಗಾ ಅಂತ ಹಂಗಿಸೋರು. ಬಸದಿಗೆ ಹೋದ್ರೂ ಬೇಗ ಬರ್ತಿದ್ದೆ. ಹೆದರಿಕೊಂಡ್ರೇನ್ರೀ? ನೀವು ಬರಲಿಲ್ಲ, ನಾನೇ ಬಂದೆ. ತಗೊಳ್ಳಿ, ಮುಖ ನೋಡಿ ಬರ್ಕೊಳ್ಳಿ. ಮುಂದಿನ ಎರಡು ಹಲ್ಲು ಹೋಗಿವೆ, ಅದನ್ನೂ ಬರೀರಿ."

ಅವರು ನಗುತ್ತಿದ್ದರು. ನಾನೇ ಅವಳೆಂದು ತಿಳಿದಿದ್ದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಸೆರಗಿಗೆ ಒರೆಸಿಕೊಳ್ಳುವುದೂ ತೋಚಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಅವರಿಗೆ ಓದು ಬರುವುದಿಲ್ಲ, ಆದರೆ ಪತ್ರಿಕೆಯ ಗುರುತು ಗೊತ್ತು. ಅದನ್ನು ನೋಡಿದವರೇ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಚಿಕ್ಕವಳು ಇಲ್ಲ ಕಣವ್ವಾ."

"ಇಲ್ಲ ಅಂದ್ರೆ? ತವರಿಗೆ ಹೋಗಿದಾರಾ?" ಎಂದು ಕೇಳಿ ಅವರು ನನ್ನ ಕಡೆ ತಿರುಗಿದರು. "ಹಂಗಾದ್ರೆ ನೀವು?"

ಅತ್ತೆ ಅಳುವುದಕ್ಕೆ ಶುರು ಮಾಡಿದರು. ಆಗ ಹಳೇಬೀಡಿನವರಿಗೆ ತಿಳಿಯಿತು. ನಗು ಒಮ್ಮೆಲೇ ಹೋಗಲಿಲ್ಲ. ಬಾಯಲ್ಲಿ ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು.

"ಯಾವಾಗ?"

"ಮಳೆಗೆ ಮುಂಚೆ," ಅಂದೆ.

ಅವರು ಪತ್ರಿಕೆಯ ಕೊನೆಯ ಹಾಳೆಗಳನ್ನು ತೆಗೆದರು. ಅಲ್ಲಿ ಅವರ ಅಕ್ಷರದಲ್ಲಿ ಎರಡೂ ಕಡೆ ತುಂಬ ಬರೆದಿತ್ತು. "ಹಂಗಾದ್ರೆ ನಾನು ಇದನ್ನೆಲ್ಲ ಬರೆದಾಗ ಅವರು ಇರಲೇ ಇಲ್ಲ," ಅಂದರು. "ಮಳೆಗಾಲ ಪೂರ್ತಿ ನಾನು ಯಾರ ಹತ್ತಿರ ಜಗಳ ಆಡ್ತಿದ್ದೆ?"

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನನಗೆ ಯಾಕೆ ಹೇಳಲಿಲ್ಲ ನೀವು?" ಈಗ ಅವರಿಗೆ ಸಿಟ್ಟು ಬಂದಿತ್ತು.

"ನೀವು ಯಾರು ಅಂತ ಗೊತ್ತಿರಲಿಲ್ಲ."

"ಹಳೇಬೀಡು ಅಂತ ಗೊತ್ತಿತ್ತಲ್ಲ. ಹಳೇಬೀಡಲ್ಲಿ ಬಸ್ಸು ನಿಲ್ಲೋ ಕಡೆ ಯಾರನ್ನ ಕೇಳಿದ್ರೂ, ಪುಸ್ತಕದ ಹುಚ್ಚಿನ ಜೈನರ ಮನೆ ಅಂದ್ರೆ ತೋರಿಸ್ತಾರೆ. ನನಗೂ ಒಂದು ಕಾಗದ ಹಾಕಬಾರದಿತ್ತಾ?"

ಹಾಕಬೇಕಿತ್ತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಅತ್ತೆ ಅವರನ್ನು ಊಟ ಮಾಡಿಸದೆ ಕಳಿಸಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಹಾಕದೆ ಬೇರೆ ಸಾರು ಮಾಡಿದರು. ಹೊತ್ತು ಮುಳುಗುವ ಮೊದಲು ಅವರ ಊಟ ಮುಗಿಯಬೇಕೆಂದು ಮಧ್ಯಾಹ್ನ ಮತ್ತೊಮ್ಮೆ ಒತ್ತಾಯಿಸಿ ಅವಲಕ್ಕಿ ತಿನ್ನಿಸಿದರು. ಅವರು ಊಟದ ನಡುವೆ ಒಮ್ಮೊಮ್ಮೆ ತುತ್ತು ಹಿಡಿದುಕೊಂಡೇ ಗೋಡೆ ನೋಡುತ್ತಿದ್ದರು. ಬಸ್ಸಿಗೆ ಕಳಿಸಲು ನಾನು ಬೀದಿಯ ಕೊನೆಯವರೆಗೆ ಹೋದೆ.

"ಅದರಲ್ಲಿ ದೊಡ್ಡಕ್ಕ ಅಂತ ಬರೆದಿರೋದು ನೀವೇನಾ?" ಎಂದು ಕೇಳಿದರು.

"ಹೌದು."

"ನಿಮ್ಮ ಗುರಿ ಓದಿದೀನಿ. ಬರೆದ್ರಾ?"

"ಇನ್ನು ಯಾರಿಗೆ ಅಂತ ಬರೀಲಿ?"

"ನನಗೆ ಬರೀರಿ. ನಾನು ಅವರನ್ನ ನೋಡಲಿಲ್ಲ. ಬರೇ ಜಗಳ ಆಡಿದೆ. ಇನ್ನು ನೋಡೋ ಹಂಗೂ ಇಲ್ಲ. ನೀವು ಎರಡು ಪುಟದಲ್ಲಿ ನನಗೆ ತೋರಿಸಿ." ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮತ್ತೆ ಅಂದರು, "ಹೊಗಳದೇನೇ. ಯುಗಾದಿಗೆ ಬರ್ತೀನಿ ನಾನು."

ಮರುದಿನವೇ ಬರೆಯಲು ಕೂತೆ. ಕೂತಾಗ ನನಗೆ ಎರಡನೆಯ ಸಲ ಸಿಡಿಲು ಬಡಿದ ಹಾಗಾಯಿತು. ಅವಳ ಬಗ್ಗೆ ನನಗೆ ಏನೂ ನೆನಪಾಗಲಿಲ್ಲ. ಅವಳು ಬಂಗಾರದಂಥವಳು ಎಂದು ಬರೆದೆ. ಹೊಡೆದು ಹಾಕಿದೆ. ಎಲ್ಲರಿಗೂ ಬೇಕಾದವಳು ಎಂದು ಬರೆದೆ. ಅದನ್ನೂ ಹೊಡೆದು ಹಾಕಿದೆ. ಎಂಟು ವರ್ಷಕ್ಕೂ ಮೇಲೆ ಒಂದೇ ಒಲೆಯ ಮುಂದೆ ಕೂತವರು ನಾವು. ಮಾತಾಡಿಸಲು ಬಂದವರು ನಾಲ್ಕು ತಿಂಗಳು ಹೇಳಿದ ಮಾತುಗಳು ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ. ಅವಳ ಮುಖ ಕೂಡ ಮದುವೆಯ ಫೋಟೊದಲ್ಲಿ ಇದ್ದ ಹಾಗೆಯೇ ಬರುತ್ತಿತ್ತು. ಆ ಫೋಟೊದಲ್ಲಿ ಅವಳು ಅವಳ ಹಾಗೆ ಇಲ್ಲ ಎಂದು ನಾವೇ ನಗುತ್ತಿದ್ದೆವು.

ಅತ್ತೆಯನ್ನು ಕೇಳಿದೆ. ಅವರಿಗೂ ಅವಳಿಗೂ ದಿನ ಬೆಳಗಾದರೆ ತಕರಾರು. "ನನ್ನ ಮಾತಿಗೆ ಒಂದು ದಿನ ಎದುರು ಹೇಳಿದವಳಲ್ಲ," ಅಂದರು. ನಾನು ಅವರ ಮುಖವನ್ನೇ ನೋಡಿದೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿಬಿಟ್ಟಿದ್ದರು. ನನ್ನ ಯಜಮಾನರು, "ಒಳ್ಳೆ ಹುಡುಗಿ ಪಾಪ," ಅಂದರು. ಮೈದುನ ಪ್ರಶ್ನೆ ಮುಗಿಯುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದ. ಅವನು ಅವಳ ವಿಷಯ ಎತ್ತಿದ್ದನ್ನು ನಾನು ಕೇಳಲೇ ಇಲ್ಲ.

ಅದೇ ಹೊತ್ತಿಗೆ ಅವನಿಗೆ ಮತ್ತೆ ಮದುವೆಯ ಮಾತು ಬಂತು. ವಯಸ್ಸು ಚಿಕ್ಕದು, ಮಕ್ಕಳಿಲ್ಲ, ಎಷ್ಟು ದಿನ ಹೀಗೆ ಎಂದು ಹಿರಿಯರು ಕೂತು ಮಾತಾಡಿಯೇಬಿಟ್ಟರು. ಬೇಲೂರಿನ ಕಿರಾಣಿ ಅಂಗಡಿಯವರ ಮಗಳು. ಕಾರ್ತೀಕದಲ್ಲಿ ಹೆಣ್ಣು ನೋಡಲು ಹೋದೆವು. ಚಿಕ್ಕವಳ ಸೀರೆಗಳಿನ್ನೂ ನಮ್ಮ ಬೀರುವಿನಲ್ಲಿದ್ದವು. ನಾನು ತಟ್ಟೆಯಲ್ಲಿ ಹೂವು ಹಣ್ಣು ಹಿಡಿದುಕೊಂಡು ಬೇರೊಂದು ಮನೆಯ ಹೊಸಿಲು ದಾಟುತ್ತಿದ್ದೆ. ಕಾಲು ನಡೆಯುತ್ತಿತ್ತು, ನಾನು ನಡೆಯುತ್ತಿದ್ದೇನೆ ಅನ್ನಿಸುತ್ತಿರಲಿಲ್ಲ.

ಅಡಿಗೆಮನೆಯಲ್ಲಿ ಹುಡುಗಿಯ ತಾಯಿ ಮೆಲ್ಲಗೆ ಕೇಳಿದರು, "ಮೊದಲನೆಯವರು ಹೆಂಗಿದ್ರು?"

"ಬಂಗಾರದಂಥವಳು," ಅಂದೆ.

ಹುಡುಗಿ ಉಪ್ಪಿಟ್ಟಿನ ತಟ್ಟೆಗಳನ್ನು ಜೋಡಿಸುತ್ತಿದ್ದಳು. ಆ ಮಾತಿಗೆ ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ. ಇನ್ನೂ ಇಪ್ಪತ್ತೂ ತುಂಬಿರದ ಮುಖ, ಅದರಲ್ಲಿ ಹೆದರಿಕೆ ಇತ್ತು. ಅದನ್ನು ಅಲ್ಲಿಟ್ಟವಳು ನಾನೇ ಎಂದು ತಿಳಿದು ನನಗೆ ನಾಚಿಕೆಯಾಯಿತು. ಆದರೆ ಬೇರೆ ಹೇಳಲು ನನ್ನ ಹತ್ತಿರ ಏನಿತ್ತು? ವಾಪಸ್ಸು ಬರುವಾಗ ಬಸ್ಸು ಹಳೇಬೀಡಿನಲ್ಲಿ ನಿಂತಿತು. ಯಾವುದಾದರೂ ಬಾಗಿಲಲ್ಲಿ ಒಬ್ಬರು ನಿಂತು ಇಣುಕುತ್ತಿದ್ದರೆ ಎಂದು ನಾನು ಸೀಟಿನಲ್ಲಿ ತಗ್ಗಿ ಕೂತೆ.

ಮಾಘದಲ್ಲಿ ಮದುವೆಯಾಗಿ ಹುಡುಗಿ ಮನೆಗೆ ಬಂದಳು. ಅತ್ತೆ ಅವಳನ್ನು ಚಿಕ್ಕವಳು ಅನ್ನಲಿಲ್ಲ, ಬೇಲೂರವಳು ಅಂದರು. ಅವಳು ಎಲ್ಲಕ್ಕೂ ನನ್ನನ್ನು ಕೇಳುತ್ತಿದ್ದಳು. "ಅಕ್ಕ, ಅವರು ಸಾರಿಗೆ ಬೆಲ್ಲ ಹಾಕ್ತಿದ್ರಾ? ಅಕ್ಕ, ಅವರು ರಂಗೋಲಿ ಎಲ್ಲಿ ಹಾಕ್ತಿದ್ರು?" ಅವರು, ಅವರು. ನೋಡದವಳ ಹೆಜ್ಜೆ ಹುಡುಕುತ್ತ ಮನೆಯೆಲ್ಲ ತುದಿಗಾಲಲ್ಲಿ ಓಡಾಡುತ್ತಿದ್ದಳು. ಅವಳು ತಿನ್ನುವಾಗ ಸದ್ದಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಹೂವು ಕೊಳ್ಳಲು ಬಾಗಿಲಿಗೆ ಹೋದಾಗ ಹಾಲು ಉಕ್ಕಿತು. ಒಲೆಯೆಲ್ಲ ಹಾಲು. ಹುಡುಗಿ ಓಡಿ ಬಂದು ಬರಿಗೈಯಲ್ಲಿ ಪಾತ್ರೆ ಹಿಡಿದಳು, ಬಿಟ್ಟಳು, ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಹಾಲು ಉಕ್ಕಿದ್ದಕ್ಕೆ ಯಾರೂ ಹಾಗೆ ಅಳುವುದಿಲ್ಲ.

"ಅಯ್ಯೋ, ಬಿಡೇ," ಅಂದೆ. "ಅವಳು ವಾರಕ್ಕೊಂದು ಸಲ ಉಕ್ಕಿಸ್ತಿದ್ದಳು. ಸಾಮಾನು ಕಟ್ಟಿ ಬಂದ ಪೇಪರು ಓದ್ತಾ ಕೂತುಬಿಡೋಳು. ಉಕ್ಕಿದ ಮೇಲೆ ಅದೇ ಪೇಪರಲ್ಲಿ ಒಲೆ ಒರೆಸೋಳು. ಆಮೇಲೆ ಕತೆ ಪೂರ್ತಿ ಓದೋಕಾಗಲಿಲ್ಲ ಅಂತ ನನ್ನ ಮೇಲೆ ಸಿಟ್ಟು."

ಹೇಳಿ ಮುಗಿಸಿದ ಮೇಲೆ ನನಗೇ ಗಾಬರಿಯಾಯಿತು. ಇದು ಎಲ್ಲಿತ್ತು? ಇಷ್ಟು ದಿನ ಎಷ್ಟು ತಡಕಿದರೂ ಸಿಗದೆ ಎಲ್ಲಿ ಕೂತಿತ್ತು? ಹುಡುಗಿ ಅಳು ನಿಲ್ಲಿಸಿ ಬಾಯಿ ತೆರೆದು ನನ್ನನ್ನು ನೋಡುತ್ತಿದ್ದಳು.

"ನಿಜವಾಗ್ಲೂ ಅಕ್ಕ?"

"ನಿಜ. ಯಾವ ಡಬ್ಬಿಯ ಮುಚ್ಚಳವನ್ನೂ ಹಾಕಿದವಳಲ್ಲ. ಸಕ್ಕರೆಗೆ ಇರುವೆ."

"ಆಮೇಲೆ?"

ಆಮೇಲೆ ಒಂದರ ಹಿಂದೆ ಒಂದು ಬಂದವು. ಆವತ್ತು ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದಾಗ ಅಡಿಗೆಮನೆಯ ನೆಲದ ಮೇಲೆ ಕೂತು ಬರೆದೆ. ಒಳ್ಳೆಯ ಮಾತು ಬಂದ ಕಡೆ ಹೊಡೆದು ಹಾಕಿದೆ. ಸಿಟ್ಟು ಬಂದ ಕಡೆಯೂ ಹೊಡೆದು ಹಾಕಿದೆ. ಎರಡು ಪುಟವೇ ಉಳಿಯಿತು.

ಯುಗಾದಿಯ ದಿನ ಹಳೇಬೀಡಿನವರು ಮೊದಲ ಬಸ್ಸಿಗೇ ಬಂದರು. ಗಾರ್ಡಮ್ಮ ಬಂದರು. ಉಳಿದವರೂ ಬಂದು ಕೂತರು, ಆದರೆ ಆ ವರ್ಷ ಗುರಿಯ ಮಾತು ಯಾರೂ ಎತ್ತಲಿಲ್ಲ. ಬೇಲೂರವಳು ಅಡಿಗೆಮನೆಯ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಳು. ಮೈದುನ ಇಸ್ಪೀಟಿಗೆ ಹೋಗಿರಲಿಲ್ಲ. ಜಗಲಿಯ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದ.

"ಓದಿ ದೊಡ್ಡಕ್ಕ," ಅಂದರು ಹಳೇಬೀಡಿನವರು.

ಓದಿದೆ. ಅವಳು ಸಂಡಿಗೆಯ ಹಿಟ್ಟನ್ನು ಹಸಿಯಾಗಿಯೇ ತಿನ್ನುತ್ತಿದ್ದಳು ಎಂದು ಓದಿದೆ. ನನ್ನ ಸೀರೆ ಉಟ್ಟು ಅರಿಸಿನದ ಕಲೆ ಮಾಡಿಕೊಂಡು ತಂದು, ಅದು ಮೊದಲೇ ಇತ್ತು ಎಂದು ವಾದಿಸುತ್ತಿದ್ದಳು ಎಂದು ಓದಿದೆ. ತಾಳ ಗೊತ್ತಿಲ್ಲದೆ ಹಾಡುತ್ತಿದ್ದಳು. ರೈಲು ಕೂಗಿದರೆ ಅದರ ಜೊತೆ ತಾನ ಹಿಡಿಯುತ್ತಿದ್ದಳು. ಅತ್ತೆಯ ಮಾತಿಗೆ ದಿನಾ ಎದುರು ಹೇಳುತ್ತಿದ್ದಳು.

"ಏನೇ ಇದು?" ಅತ್ತೆ ಎದ್ದು ಬಂದರು. "ವರ್ಷದ ಹಬ್ಬದ ದಿನ ಶಿವನ ಪಾದ ಸೇರಿದೋಳ ಮೇಲೆ ಚಾಡಿ ಓದ್ತಿದೀಯಾ? ಬಾಯಿ ಹೆಂಗೆ ಬತ್ತದೆ ನಿಂಗೆ?"

ನಿಲ್ಲಿಸಬೇಕೋ ಓದಬೇಕೋ ತಿಳಿಯದೆ ಮುಂದಿನ ಸಾಲನ್ನು ಓದಿದೆ. ವಾರಕ್ಕೊಂದು ಸಲ ಹಾಲು ಉಕ್ಕಿಸುತ್ತಿದ್ದಳು ಎಂದು.

"ವಾರಕ್ಕಾ?" ಅಂದರು ಅತ್ತೆ. "ದಿನಾ ಉಕ್ಕಿಸೋಳು. ನೀನು ಅವಳ ಪರ ಬರೀಬ್ಯಾಡ."

ಹೇಳಿದವರೇ ನೆಲಕ್ಕೆ ಕುಸಿದು ಕೂತರು. ಬೇಲೂರವಳಿಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದಳು. ಗಾರ್ಡಮ್ಮ ನಕ್ಕರು. ನಾನು ಮೊದಲ ಪುಟದ ಕೊನೆಯ ಸಾಲುಗಳನ್ನು ಓದಿದೆ. ಯಾರಾದರೂ ಹಂಗಿಸಿದರೆ ಅವಳು ಉತ್ತರ ಕೊಡದೆ ಬಿಟ್ಟವಳಲ್ಲ. ಆಗ ಹೊಳೆಯದಿದ್ದರೆ ಬಾವಿಯ ಹತ್ತಿರ ಹೋದವಳು ಕೊಡ ಅಲ್ಲೇ ಬಿಟ್ಟು, ಒದ್ದೆ ಕಾಲಲ್ಲಿ ಓಡಿ ಬಂದು ಉತ್ತರ ಹೇಳಿ ಹೋಗುತ್ತಿದ್ದಳು. ಅಷ್ಟರಲ್ಲಿ ಹಂಗಿಸಿದವರಿಗೆ ತಾವು ಏನಂದದ್ದು ಎಂದೇ ಮರೆತಿರುತ್ತಿತ್ತು.

ಎಲ್ಲರೂ ಜೋರಾಗಿ ನಕ್ಕರು. ಹಳೇಬೀಡಿನವರು ತೊಡೆ ತಟ್ಟಿಕೊಂಡು ನಕ್ಕರು. ಜಗಲಿಯಲ್ಲಿ ಮೈದುನನ ಬೆನ್ನು ಕುಲುಕುತ್ತಿತ್ತು. ಅದು ನಗುವೋ ಅಳುವೋ ನನಗೆ ಗೊತ್ತಿಲ್ಲ. ಆಮೇಲೆ ನಗು ನಿಂತಿತು. ಎಲ್ಲರೂ ಏನಕ್ಕೋ ಕಾಯುತ್ತಿರುವ ಹಾಗಿತ್ತು. ನಾನು ಹಿತ್ತಿಲ ಬಾಗಿಲ ಕಡೆ ನೋಡಿದೆ. ಅವಳನ್ನು ಇಷ್ಟು ಜನ ಸೇರಿ ಹಂಗಿಸಿ ನಕ್ಕಿದ್ದೇವೆ. ಈಗ ಬರಬೇಕು ಉತ್ತರ.

ಬರಲಿಲ್ಲ.

ಸತ್ತ ದಿನ ನಾನು ಅತ್ತಿರಲಿಲ್ಲ. ಮಣ್ಣು ಮಾಡಿದ ದಿನವೂ ಅಳಲಿಲ್ಲ. ಹತ್ತು ತಿಂಗಳ ಮೇಲೆ, ಅಳಬಾರದ ಹಬ್ಬದ ದಿನ, ತುಂಬಿದ ನಡುಮನೆಯಲ್ಲಿ ಅವಳು ಇಲ್ಲವೆಂದು ನನಗೆ ಮೊದಲ ಸಲ ಗೊತ್ತಾಯಿತು. ನಾನು ಹೇಗೆ ಅತ್ತೆನೆಂದು ಬರೆಯುವುದಿಲ್ಲ. ಬೇಲೂರವಳು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಯಾರೋ ಸಾಕು ಬಿಡಿ ಅಂದರು. ಹಳೇಬೀಡಿನವರು ಅವರನ್ನು ಸುಮ್ಮನಿರಿಸಿದರು. ಕೆಳಗೆ ಬಿದ್ದಿದ್ದ ಹಾಳೆಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು.

"ಇನ್ನೊಂದು ಪುಟ ಇದೆಯಲ್ರೀ," ಅಂದರು. "ನನಗೆ ಇನ್ನೂ ಪೂರ್ತಿ ಕಂಡಿಲ್ಲ ಅವರು."

ಕಣ್ಣು ಒರೆಸಿಕೊಂಡು ಓದಿದೆ.